ಎಂಟರಲ್ಲಿ ಏಳು ಪಾಲು ಮೋಡ

ನಲವತ್ತೊಂದು ವರ್ಷ ಆಕಾಶ ನೋಡಿದವನು ಆ ಒಂದು ಬೆಳಗ್ಗೆ ಮಾತ್ರ ತಪ್ಪು ನೋಡಿದನೇ?

ನೋಡಿರಬಹುದು. ಮುದುಕ. ನಿದ್ದೆಗಣ್ಣಿರಬಹುದು. ಗುಡ್ಡದ ಮೋಡ ಹತ್ತು ನಿಮಿಷಕ್ಕೆ ಏರಿ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಆದರೆ ಆ ಭಾನುವಾರ ಹಾಗಾಗಿರಲಿಲ್ಲ. ಹಾಲಿನ ಡೈರಿಗೆ ಬಂದಿದ್ದ ಹೆಂಗಸರೆಲ್ಲ ಒಂದೇ ಮಾತು ಹೇಳಿದ್ದರು. ಬೆಳಕು ಹರಿದಾಗಿನಿಂದ ಏಳೂವರೆಯವರೆಗೆ ಸೋಗೆಗುಡ್ಡ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹಾಗಿದ್ದರೆ ಒಂದೇ ಮಿಸ್ಡ್ ಕಾಲ್ ಏಕೆ?

ಗುಡ್ಡ ಕಂಡರೆ ಒಂದು, ಮೋಡ ಕವಿದಿದ್ದರೆ ಎರಡು. ಅದು ಮುದುಕ ಚಲುವಯ್ಯನಿಗೂ ಪೈಲಟ್ ಶಶಿಕುಮಾರ್‌ಗೂ ನಡುವೆ ಇದ್ದ ಕರಾರು. ಬೆಳಗ್ಗೆ ಆರು ನಲವತ್ತೆರಡಕ್ಕೆ ಚಲುವಯ್ಯನ ಫೋನಿನಿಂದ ಒಂದು ಕರೆ ಹೋಗಿತ್ತು. ಎರಡನೆಯದು ಹೋಗಿರಲೇ ಇಲ್ಲ. ಆ ಒಂದನ್ನು ನಂಬಿ ಶಶಿಕುಮಾರ್ ತನ್ನ ಎರಡು ಸೀಟಿನ ವಿಮಾನ ಏರಿದ್ದ. ಹಾಸನದಲ್ಲಿ ಆಲೂಗೆಡ್ಡೆಯ ಕೋಲ್ಡ್ ಸ್ಟೋರೇಜ್ ಇಟ್ಟುಕೊಂಡಿದ್ದ ನಲವತ್ತನಾಲ್ಕರ ಆ ಮನುಷ್ಯ ಗುಡ್ಡಕ್ಕೆ ಬಡಿದು ಸತ್ತು ಇವತ್ತಿಗೆ ಇಪ್ಪತ್ತು ದಿನ.

"ಅದ್ಯಾಕ್ ಸಾ ಆ ಬೋರ್ಡ್ ಮುಂದೆ ನಿಂತ್ಬುಟ್ರಿ? ಪೂಜೆ ಗೀಜೆ ಮಾಡ್ತೀರಾ?"

ಪಾಲಾಕ್ಷ ತಿರುಗಿದ. ಶೆಡ್ಡಿನ ಬಾಗಿಲಲ್ಲಿ ಕಾಂತರಾಜು ಹಲ್ಲುಕಡ್ಡಿ ಆಡಿಸುತ್ತ ನಿಂತಿದ್ದ. ದಂಡಿಗನಹಳ್ಳಿ ಹೊರಗಿನ ಈ ರನ್‌ವೇ ಅವನ ಜಮೀನು. ರಾಗಿ ಹೊಲ ಮಟ್ಟ ಮಾಡಿಸಿ, ರೋಲರ್ ಓಡಿಸಿ, ಐದು ಜನ ಪೈಲಟ್‌ಗಳನ್ನು ಸೇರಿಸಿ ಕ್ಲಬ್ ಮಾಡಿದವನು ಅವನೇ. ಅಧ್ಯಕ್ಷನೂ ಅವನೇ. ವಿಮಾನ ಹಾರಿಸಲು ಬಾರದವನೂ ಅಲ್ಲಿ ಅವನೊಬ್ಬನೇ.

ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಹಳೆಯ ಅಂಕಿಗಳು. 3/8. 5/8. 2/8. ಆಕಾಶವನ್ನು ಎಂಟು ಪಾಲು ಮಾಡಿ, ಅದರಲ್ಲಿ ಎಷ್ಟು ಪಾಲಿಗೆ ಮೋಡ ಎಂದು ಬರೆಯುವ ಕ್ರಮ. ಪಾಲಾಕ್ಷನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಪತ್ತೇದಾರಿಕೆಗೆ ಇಳಿಯುವ ಮೊದಲು ವಾಯುಪಡೆಯ ಹವಾಮಾನ ವಿಭಾಗದಲ್ಲಿ ಹದಿನೈದು ವರ್ಷ ಅವನು ಬರೆದದ್ದು ಇದನ್ನೇ.

"ಇದನ್ನ ಯಾರು ಬರೆಯೋದು?"

"ಯಾರ್ ಮೊದ್ಲು ಬತ್ತಾರೋ ಅವ್ರು. ಗೌತಮ್ ಬರೀತಾನೆ, ಶಶಿ ಬರೀತಿದ್ದ. ಮೊದ್ಲು ಶಶಿ ಹೆಂಡ್ತಿ ದೀಪಶ್ರೀನೂ ಬತ್ತಿತ್ತು. ಗಂಡನ್ ಪಕ್ಕ ಕುಂತ್ಕಂಡು ಆರ್‍ತಿತ್ತು. ಎರಡ್ ವರ್ಸ ಆಯ್ತು ಬಿಟ್ಬುಟ್ಟು. ಅದೇನ್ ಮನಸ್ತಾಪವೋ, ನಾವು ಕೇಳಾಕಾಯ್ತದಾ?"

"ಗುಡ್ಡದ ಹತ್ತಿರ ಹವಾಮಾನದ ಮಿಷಿನ್ ಹಾಕಿಸಿದ್ರಲ್ಲ. ಅದು ಯಾಕೆ ನಿಂತೋಯ್ತು?"

ಕಾಂತರಾಜು ಹಲ್ಲುಕಡ್ಡಿ ಉಗಿದ.

"ವರ್ಸಾ ವರ್ಸಾ ಅದ್ಕೆ ಫೀಸ್ ಕಟ್ಬೇಕು. ಕಟ್ಟೋರ್ ಯಾರು? ತಿಂಗ್ಳಿಗ್ ಒಂದ್ ಸಲ ಆರೋನು ನಾನು, ವಾರಾ ವಾರಾ ಆರೋ ಶಶಿ ಜಾಸ್ತಿ ಕಟ್ಲಿ ಅಂದ ಗೌತಮ್. ಮೋಡ ಎಲ್ಲಾರ್ಗೂ ಒಂದೇ ಕಣ್ಲಾ, ಸಮ ಆಕ್ರಿ ಅಂದ ಶಶಿ. ನಾನು ಆರೋನೇ ಅಲ್ಲ, ನಾನ್ಯಾಕ್ ಕಟ್ಲಿ? ಮೂರ್ ಮೀಟಿಂಗ್ ಮಾಡುದ್ವು. ಕೋಳಿ ಸಾರ್ ತಿಂದಿದ್ದೇ ಬಂತು."

"ಆ ಸಾರಿನ ಖರ್ಚಲ್ಲಿ ಮಿಷಿನ್ ಒಂದು ವರ್ಷ ಓಡ್ತಿತ್ತೇನೋ."

"ಓಡ್ತಿತ್ತು," ಎಂದ ಕಾಂತರಾಜು, ನಾಚಿಕೆಯಿಲ್ಲದೆ. "ಫೋನ್‌ನಾಗೆ ಹವಾಮಾನ ಬತ್ತದಲ್ಲ ಅಂದ್ರು ಎಲ್ಲ. ಫೋನು ಅರಕಲಗೂಡು ಪೇಟೆ ಬೀದಿ ಹೇಳ್ತದೆ, ಗುಡ್ಡದ್ ನೆತ್ತಿ ಹೇಳ್ತದಾ? ಮೈಸೂರ್ ಏರ್‌ಪೋರ್ಟ್‌ನೋರು ಅವ್ರ್ ರನ್‌ವೇ ಮ್ಯಾಲಿಂದು ಹೇಳ್ತಾರೆ. ಅದ್ಕೇ ಶಶಿ ಆ ಚಲುವಯ್ಯನ್ನ ಇಡ್ಕಂಡ."

"ಚಲುವಯ್ಯನಿಗೆ ಕ್ಲಬ್ಬಿಂದ ಏನು ಕೊಡ್ತಿದ್ರಿ?"

"ಒಂದ್ ಕಾಸೂ ಇಲ್ಲ." ಕಾಂತರಾಜು ಹತ್ತಿರ ಬಂದ. ದನಿ ತಗ್ಗಿತು. "ಕೊಟ್ಟಿದ್ರೆ ಅವ್ನು ನಮ್ ಮನ್ಸ ಆಗ್ಬುಡ್ತಿದ್ದ. ಸೋಮವಾರ ಅವುನ್ ಜೊತೆ ನನ್ನೂ ಠಾಣೆನಾಗೆ ಕೂರುಸ್ತಿದ್ರು. ಕೊಟ್ಟಿಲ್ಲ, ಅದ್ಕೇ ಅವ್ನು ನಮ್ಮೋನಲ್ಲ. ಲಾಯರ್‌ನೂ ಕೇಳಿವ್ನಿ ಸಾ."

ಸೋಮವಾರ ಎಂದರೆ ನಾಡಿದ್ದು. ತಪ್ಪು ಮಾಹಿತಿ ಕೊಟ್ಟು ಸಾವಿಗೆ ಕಾರಣನಾದ ಎಂದು ಚಲುವಯ್ಯನನ್ನು ಕರೆದೊಯ್ಯಲು ಪೊಲೀಸರು ತೀರ್ಮಾನಿಸಿದ್ದರು. ಎಪ್ಪತ್ತಮೂರು ವರ್ಷದ ಮುದುಕ. ಹೋದವನು ತಿರುಗಿ ಆ ಅಂಗಳ ನೋಡುತ್ತಾನೆ ಎಂಬ ಭರವಸೆ ಯಾರಿಗೂ ಇರಲಿಲ್ಲ.

ಶೆಡ್ಡಿನ ತಗಡಿನ ಮೇಲೆ ಹನಿ ಬೀಳಲು ಶುರುವಾಯಿತು.

* * *

ಶಶಿಕುಮಾರ್ ಪ್ರತಿ ಭಾನುವಾರ ಮೇಲಿನಿಂದ ಹೋಗುತ್ತಿದ್ದ ದಾರಿಯಲ್ಲೇ ಪಾಲಾಕ್ಷ ಸ್ಕೂಟರಿನಲ್ಲಿ ಹೊರಟ. ಹೊಳೆನರಸೀಪುರದಲ್ಲಿ ಸೇತುವೆ. ಕೆಳಗೆ ಹೇಮಾವತಿ ಕೆಂಪಗೆ, ಸದ್ದಿಲ್ಲದೆ ಹರಿಯುತ್ತಿತ್ತು. ಹಳ್ಳಿಮೈಸೂರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಹೊಗೆಸೊಪ್ಪಿನ ಹೊಲ, ಅಗಲವಾದ ಎಲೆಗಳ ಮೇಲೆ ನೀರು. ಆಷಾಢದ ಗಾಳಿ ಸ್ಕೂಟರನ್ನು ಪಕ್ಕಕ್ಕೆ ತಳ್ಳುತ್ತಿತ್ತು.

ಅರಕಲಗೂಡಿನಲ್ಲಿ ನಿಂತು ಜೇಬಿನಿಂದ ಚೀಟಿ ತೆಗೆದ. ದೀಪಶ್ರೀ ಬರೆದುಕೊಟ್ಟ ವಿಳಾಸ. ಗಂಡನ ಸಾವಿನ ಸತ್ಯ ತಿಳಿಯಬೇಕು ಎಂದು ಅವನನ್ನು ಈ ಕೆಲಸಕ್ಕೆ ಕರೆದವಳು ಅವಳೇ.

"ಆ ಕಡೆ ನಾನು ಯಾವತ್ತೂ ಹೋಗಿಲ್ಲ ಸರ್," ಎಂದಿದ್ದಳು. "ಅವ್ರು ಹೇಳ್ತಿದ್ದದ್ದು ನೆನಪಿಟ್ಕೊಂಡು ಬರೆದಿದೀನಿ. ಅವತ್ತು ಬೆಳಗ್ಗೆ ನಾನು ಹೊಳೆನರಸೀಪುರದಲ್ಲಿ ನಮ್ಮಮ್ಮನ ಮನೇಲಿದ್ದೆ. ಇಲ್ಲಿದ್ದಿದ್ರೆ ಹೋಗ್ಬೇಡಿ ಅಂತಿದ್ನೇನೋ."

ಅಚ್ಚುಕಟ್ಟಾದ ಅಕ್ಷರ. ಕಲ್ಲುಕೊಪ್ಪಲು. ಡೈರಿ ದಾಟಿ ಬಸರಿಮರದ ಎಡಕ್ಕೆ. ಹಸಿರು ಬಾಗಿಲು. ಕೊನೆಗೆ ಪಿನ್ ಕೋಡ್ ಕೂಡ: 573102. ದಾರಿ ಕೇಳಿದವನಿಗೆ ಪಿನ್ ಕೋಡ್ ಬರೆದುಕೊಡುವ ಹೆಂಗಸು. ಯಾವುದನ್ನೂ ಅರ್ಧಕ್ಕೆ ಬಿಡದ ಸ್ವಭಾವ ಇರಬೇಕು ಎಂದುಕೊಂಡು ಚೀಟಿ ಮಡಚಿದ.

ಮನೆ ಹುಡುಕುವುದು ಕಷ್ಟವಾಗಲಿಲ್ಲ.

* * *

ಅಂಗಳದ ನಡುವೆ ಹವಾಮಾನದ ಮಿಷಿನ್ನಿನ ಕಂಬ ನಿಂತಿತ್ತು. ತುದಿಯಲ್ಲಿ ಗಾಳಿಗೆ ತಿರುಗಬೇಕಾದ ಮೂರು ಬಟ್ಟಲುಗಳು ತುಕ್ಕು ಹಿಡಿದು ಗಾಳಿಯಲ್ಲೂ ಅಲ್ಲಾಡದೆ ನಿಂತಿದ್ದವು. ಕಂಬದಿಂದ ದನದ ಕೊಟ್ಟಿಗೆಗೆ ಹಗ್ಗ ಕಟ್ಟಿ ಕೂಸಿನ ಬಟ್ಟೆ ಒಣಗಹಾಕಿದ್ದರು.

ಜಗುಲಿಯ ಮೇಲೆ ಚಲುವಯ್ಯ ಕೂತಿದ್ದ. ಕಣ್ಣಿಗೆ ಕಪ್ಪು ಕನ್ನಡಕ. ಮೊದಲ ನೋಟಕ್ಕೆ ಊರಿನ ಮುದುಕ ಯಾರದೋ ಮದುವೆಗೆ ಹೊರಟ ಹಾಗೆ ಕಾಣುತ್ತಿದ್ದ.

"ಪೊಲೀಸ್ನೋರಾ?"

"ಅಲ್ಲ ಯಜಮಾನ್ರೇ. ಪಾಲಾಕ್ಷ ಅಂತ. ಶಶಿಕುಮಾರ್ ಮನೆಯವರು ಕಳಿಸಿದಾರೆ."

ಮುದುಕ ಪಕ್ಕಕ್ಕೆ ಸರಿದು ಜಾಗ ಮಾಡಿದ. "ಕುಂತ್ಕಳಿ ಸಾ."

ಒಳಗಿನಿಂದ ಅವನ ಹೆಂಡತಿ ಚಿಕ್ಕತಾಯಮ್ಮ ಬೆಲ್ಲದ ಕಾಫಿ ತಂದಿಟ್ಟಳು. ಕಣ್ಣಿಗೆ ಬಿಡುವ ಔಷಧಿಯ ಪುಟ್ಟ ಬಾಟಲಿ ಅವಳ ಕೈಯಲ್ಲಿತ್ತು.

"ತಲೆ ಮೇಲೆತ್ತು. ಒತ್ತಾಯ್ತು," ಎಂದಳು ಗಂಡನಿಗೆ.

"ಬಂದೋರ್ ಮುಂದೆ ಎಲ್ಲಾ ಮಾಡ್ಬೇಕಾ ನಿಂಗೆ?"

"ಬಂದೋರ್‍ಗೂ ಕಣ್ಣವೆ, ನೋಡ್ಲಿ ಬುಡು. ಎತ್ತು."

ಕನ್ನಡಕ ಹಣೆಗೇರಿಸಿ ಎಡಗಣ್ಣಿಗೆ ಎರಡು ಹನಿ ಬಿಟ್ಟಳು. ಬಲಗಣ್ಣು ಬೂದು ಬಣ್ಣಕ್ಕೆ ತಿರುಗಿ ಹಾಲಿನ ಕೆನೆ ಕಟ್ಟಿದ ಹಾಗಿತ್ತು. ಪಾಲಾಕ್ಷ ಕಾಫಿ ಲೋಟ ಕೆಳಗಿಟ್ಟ.

"ಆಪರೇಷನ್ ಯಾವಾಗ ಆಯ್ತಮ್ಮ?"

"ಅನ್ನೊಂದ್ ದಿನ ಆಯ್ತು. ಆಸನದ ದೊಡ್ ಆಸ್ಪತ್ರೆನಾಗೆ. ಇನ್ನೊಂದ್ ಕಣ್ಣು ಮುಂದಿನ್ ತಿಂಗ್ಳು."

"ಚಿಕ್ತಾಯಿ, ಒಳಕ್ ಓಗು," ಎಂದ ಚಲುವಯ್ಯ.

ಅವಳು ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತಳು. "ನಾನ್ ಅವತ್ತು ಊರ್‌ನಾಗಿದ್ದಿದ್ರೆ ಇಂಗಾಯ್ತಿರ್‍ಲಿಲ್ಲ ಸಾ. ಹಳೇಕೋಟೆಗೆ ಮಗಳ್ನ ಕರ್ಕಬರಾಕ್ ಓಗಿದ್ದೆ. ಬಾಣಂತಿ ಬತ್ತಾಳೆ ಅಂತ ಇವ್ರು ಶುಕ್ರವಾರ ಬಣ್ಣಾನೇ ಕಾಣ್ದ ಬಾಗಿಲ್ಗೂ ಬಣ್ಣ ಒಡಸಿದ್ರು. ನಾನ್ ಶನಿವಾರ ಓದೆ. ಭಾನುವಾರ ಈ ಕೇಡು."

"ಒಳಕ್ ಓಗು ಅಂದ್ನಲ್ಲ!"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಎದುರಿಗೆ ಎರಡು ಮೈಲಿ ದೂರದಲ್ಲಿ ಸೋಗೆಗುಡ್ಡ. ಮಧ್ಯದಲ್ಲಿ ಸುಟ್ಟ ಕಲೆ. ಮಳೆಗೆ ಸುತ್ತಲಿನ ಹುಲ್ಲು ಚಿಗುರಿದ್ದರಿಂದ ಕಪ್ಪು ಇನ್ನಷ್ಟು ಎದ್ದು ಕಾಣುತ್ತಿತ್ತು.

"ಯಜಮಾನ್ರೇ, ಅವತ್ತು ನಿಮಗೆ ಆ ಗುಡ್ಡ ಕಾಣ್ತಿತ್ತಾ?"

"ಕಾಣ್ತಿತ್ತು. ಒಂದ್ ಕೊಟ್ಟೆ."

"ಮೋಡ ಇರ್ಲಿಲ್ವಾ ಅಂತ ಕೇಳ್ತಿಲ್ಲ. ಗುಡ್ಡ ಕಾಣ್ತಿತ್ತಾ ಅಂತ ಕೇಳ್ತಿದೀನಿ. ನಿಮ್ಮ ಕಣ್ಣಿಗೆ."

ಚಲುವಯ್ಯ ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡ.

"ಯಾವತ್ತಿಂದ ಕಾಣ್ತಿರ್ಲಿಲ್ಲ?"

"ಓದ್ ವರ್ಸ ದೀಪಾವಳಿ ಆದ್ಮ್ಯಾಕೆ." ದನಿ ತೀರ ಸಣ್ಣದಾಗಿತ್ತು. "ಚಿಕ್ತಾಯಿ ನೋಡಿ ಏಳೋಳು. ಗುಂಡಿ ನಾನ್ ಒತ್ತುತಿದ್ದೆ. ಎರಡ್ನೇ ಗುಂಡಿ ಒತ್ತಿ ಇಡುದ್ರೆ ಶಶಿಯಣ್ಣಂಗೆ ಓಯ್ತದೆ. ಕಣ್ ಬ್ಯಾಡ ಅದ್ಕೆ."

"ಶಶಿಕುಮಾರ್‌ಗೆ ಹೇಳ್ಬಹುದಿತ್ತಲ್ಲ."

"ಎಂಗ್ ಏಳ್ಲಿ?" ಮುದುಕ ಸಿಡುಕಿದ. "ತಾಲೂಕಾಪೀಸ್ನೋರು ಮಳೆ ಅಳೆಯೋ ಕ್ಯಾನ್ ಕೊಟ್ಟಾಗ ನಂಗೆ ಮೂವತ್ತೆರಡು. ಅವರು ಬರೋದ್ ನಿಲ್ಲುಸುದ್ರೂ ನಾನ್ ಬರೆಯೋದ್ ನಿಲ್ಲುಸ್ಲಿಲ್ಲ. ಶಶಿಯಣ್ಣ ಕಾಸ್ ಕೊಡಾಕ್ ಬಂದ್ರು, ಬ್ಯಾಡ ಅಂದೆ. ಭಾನುವಾರ ನನ್ ಮನೆ ಮ್ಯಾಲೆ ಬಂದು ರೆಕ್ಕೆ ಎರಡ್ ಕಿತ ಆಡ್ಸೋರು. ಊರೆಲ್ಲಾ ನೋಡೋದು, ಚಲುವಯ್ಯಂಗೆ ನಮಸ್ಕಾರ ಮಾಡ್ತಾವ್ನೆ ಅಂತ. ನಂಗ್ ಕಣ್ ಓಯ್ತು ಅಂದಿದ್ರೆ ಅದೂ ಓಯ್ತಿತ್ತು. ರೆಕ್ಕೆ ಆಡ್ಸಿದ್ದು ನಂಗ್ ಕಾಣ್ದೆ ಇದ್ರೂ ಸದ್ದಿನಾಗೇ ಗೊತ್ತಾಗದು ಸಾ."

"ಮನೆಗೆ ಬರ್ತಿದ್ರಾ ಅವ್ರು?"

"ಯುಗಾದಿಗೆ ಒಂದ್ ಮೂಟೆ ಆಲೂಗೆಡ್ಡೆ ಇಡ್ಕಂಡು ಬಂದಿದ್ರು. ಆಮ್ಯಾಕೆ ಬರ್‍ಲಿಲ್ಲ. ಮ್ಯಾಲಿಂದ್ಲೇ."

ಪಾಲಾಕ್ಷ ಜಗುಲಿಯ ಗೂಡಿನ ಕಡೆ ನೋಡಿದ. ರಟ್ಟಿನ ಹೊದಿಕೆಯ ದಪ್ಪ ಪುಸ್ತಕವೊಂದು ಅಲ್ಲಿತ್ತು.

"ಅದು ನಿಮ್ಮ ಬರಹ ಅಲ್ವಾ? ನೋಡ್ಲಾ?"

ಉತ್ತರಕ್ಕೆ ಕಾಯದೆ ತೆಗೆದ. ಪ್ರತಿ ದಿನಕ್ಕೂ ಒಂದೊಂದು ಸಾಲು. ಮಳೆ ಇಷ್ಟು, ಗಾಳಿ ಯಾವ ಕಡೆಯದು, ಮೋಡ ಎಷ್ಟು. ಮೋಡದ ಲೆಕ್ಕ ಆಣೆಯಲ್ಲಿತ್ತು. ನಾಲ್ಕಾಣೆ ಮೋಡ. ಹತ್ತಾಣೆ ಮೋಡ. ಬೆಳೆ ಎಷ್ಟಾಣೆ ಬಂತು ಎಂದು ಹಿಂದೆ ಅಂದಾಜು ಮಾಡುತ್ತಿದ್ದವರ ಹಾಗೆ, ಪೂರ್ತಿ ಕವಿದ ಆಕಾಶಕ್ಕೆ ಹದಿನಾರಾಣೆ.

ಹೋದ ವರ್ಷದ ಕಾರ್ತೀಕದಿಂದ ಸಾಲುಗಳು ಜಾರತೊಡಗಿದ್ದವು. ಅಕ್ಷರ ದೊಡ್ಡದಾಗಿ, ಒಂದರ ಮೇಲೊಂದು ಹತ್ತಿ, ಕೆಲವು ಕಡೆ ಹಾಳೆಯಿಂದಾಚೆಗೂ ಹೋಗಿದ್ದವು. ಹೆಂಡತಿಯ ಕಣ್ಣು, ಇವನ ಕೈ.

ಆ ಭಾನುವಾರದ ಸಾಲು ನೇರವಾಗಿತ್ತು.

ನೀಲಿ ಶಾಯಿ. ಗಾಳಿ ಪಶ್ಚಿಮ. ಮೋಡ 7/8.

ಪಾಲಾಕ್ಷ ಅದನ್ನು ಎಷ್ಟು ಹೊತ್ತು ನೋಡಿದನೋ ಅವನಿಗೇ ತಿಳಿಯಲಿಲ್ಲ. ಏಳರ ಸೊಂಟಕ್ಕೆ ಅಡ್ಡಲಾಗಿ ಸಣ್ಣದೊಂದು ಗೀಟಿತ್ತು.

"ಇದನ್ನ ಬರೆದದ್ದು ಯಾರು?"

ಚಲುವಯ್ಯ ಗುಡ್ಡದ ಕಡೆ ಮುಖ ತಿರುಗಿಸಿದ.

"ಅವತ್ತು ಬೆಳಗ್ಗೆ ನಿಮ್ಮ ಜೊತೆ ಈ ಅಂಗಳದಲ್ಲಿ ಯಾರೋ ಇದ್ರು."

"ಕಣ್ ತೋರ್ಸಾಕ್ ಕರ್ಕಂಡ್ ಓಯ್ತೀನಿ ಅಂತ ಬಂದಿದ್ರು." ಮಾತು ತಡೆತಡೆದು ಬಂತು. "ಮೊದ್ಲೂ ಒಂದ್ ಕಿತ ಬಂದಿದ್ರು. ನಂಗ್ ಕಾಣಾಕಿಲ್ಲ ಅಂತ ಅವತ್ತೇ ಕಂಡ್ ಇಡುದ್ರು. ಯಾರ್‍ಗೂ ಏಳಾಕಿಲ್ಲ, ಆಪ್ರೇಸನ್ ನಾನ್ ಮಾಡುಸ್ತೀನಿ ಅಂದ್ರು. ಭಾನುವಾರ ಆರ್ ಗಂಟೆಗೇ ಬಂದ್ರು. ಚಿಕ್ತಾಯಿ ಇಲ್ಲ, ಗುಡ್ಡ ನೋಡಿ ಏಳಿ ಅಂದೆ. ಚೆನ್ನಾಗ್ ಕಾಣ್ತದೆ, ಒಂದ್ ಕೊಡಿ ಅಂದ್ರು. ಪುಸ್ತಕ ಬರೀಬೇಕು ಅಂದೆ. ಒಂದ್ ದಿನಾನೂ ಖಾಲಿ ಬುಟ್ಟಿಲ್ಲ ನಾನು. ಕೊಡಿ ಇಲ್ಲಿ, ನಾನೇ ಬರೀತೀನಿ ಅಂದ್ರು."

"ನಿಮಗೆ ಅನುಮಾನ ಬರ್ಲಿಲ್ವಾ?"

"ಬಂತು." ಮುದುಕ ತನ್ನ ತೋಳು ಸವರಿಕೊಂಡ. "ಮೈಮ್ಯಾಗೆ ತೇವ ಕುಂತಿತ್ತು. ಮೋಡ ಕೆಳೀಕ್ ಇಳುದ್ರೆ ಅಂಗೆ ಕೂರದು. ನಲವತ್ ವರ್ಸ ಗೊತ್ತು ನಂಗೆ. ಆದ್ರೆ ಕಣ್ಣಿರೋರು ಕಾಣ್ತದೆ ಅಂದಾಗ ಕಣ್ಣಿಲ್ದೋನು ಎಂಗ್ ಇಲ್ಲ ಅನ್ನೋದು ಸಾ?"

ಇಲ್ಲೂ ಮಳೆ ಹಿಡಿಯಿತು. ಹಗ್ಗದ ಮೇಲಿದ್ದ ಕೂಸಿನ ಬಟ್ಟೆ ತೆಗೆಯಲು ಯಾರೂ ಬರಲಿಲ್ಲ.

"ಪಟ್ಟಿ ಬಿಚ್ಚಿದ ಮೇಲೆ ಈ ಸಾಲು ನೋಡಿದ್ರಾ?"

"ನೋಡ್ದೆ. ಮೊದ್ಲು ಗುಡ್ಡ ನೋಡ್ದೆ." ಅವನ ಬೆರಳು ಎದುರಿನ ಸುಟ್ಟ ಕಲೆಯ ಕಡೆ ಎದ್ದು, ಅರ್ಧದಲ್ಲೇ ಇಳಿಯಿತು. "ಆಮ್ಯಾಕೆ ಪುಸ್ತಕ ನೋಡ್ದೆ. ಅದೇನೋ ಏಳು, ಗೆರೆ, ಎಂಟು. ನನ್ ಲೆಕ್ಕ ಆಣೆ ಲೆಕ್ಕ. ಅರ್ಥ ಆಗ್ಲಿಲ್ಲ. ಏಳಾಣೆನೋ ಎಂಟಾಣೆನೋ ಅಂದ್ಕಂಡೆ. ಅರ್ಧ ಆಕಾಸ. ಗುಡ್ಡ ಕಂಡಿರ್‍ತದೆ, ಆಮ್ಯಾಕೆ ಮೋಡ ಬಂದಿರ್‍ತದೆ, ಶಶಿಯಣ್ಣನ್ ಅಣೇಬರ ಅಂದ್ಕಂಡೆ."

ಹೇಳಬೇಕೇ ಎಂದು ಪಾಲಾಕ್ಷ ಯೋಚಿಸಿದ. ಹೇಳದಿದ್ದರೆ ಸೋಮವಾರ ಈ ಮುದುಕ ತನ್ನದೇ ತಪ್ಪು ಎಂದು ಒಪ್ಪಿಕೊಂಡು ಜೀಪು ಹತ್ತುತ್ತಾನೆ. ಹೇಳಿದರೆ, ಉಳಿದ ದಿನಗಳನ್ನೆಲ್ಲ ಇದೇ ಜಗುಲಿಯ ಮೇಲೆ, ಹೊಸ ಕಣ್ಣಿನಿಂದ ಆ ಗುಡ್ಡ ನೋಡುತ್ತ ಕೂರುತ್ತಾನೆ.

"ಅದು ಏಳಾಣೆ ಅಲ್ಲ ಯಜಮಾನ್ರೇ. ಎಂಟು ಪಾಲಲ್ಲಿ ಏಳು ಪಾಲು ಅಂತ. ನಿಮ್ಮ ಲೆಕ್ಕದಲ್ಲಿ ಹದಿನಾಲ್ಕಾಣೆ."

ಚಲುವಯ್ಯನ ತುಟಿ ಅಲುಗಿತು. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಎರಡು ಸಲ ಹಾಕಿದ.

"ಅದಿನಾಕಾಣೆ," ಎಂದ ಕೊನೆಗೆ. "ಅದಿನಾಕಾಣೆ ಮೋಡ ಕಣ್ಣಾರೆ ಕಂಡು, ಒಂದ್ ಕೊಡಿ ಅಂದ್ರಾ?"

"ಹೌದು."

"ಕಂಡಿದ್ನ ಸರ್ಯಾಗೇ ಬರುದ್ರಲ್ಲ ಸಾ. ಬರೆಯೋವಾಗ ಸುಳ್ ಬರಿಬೋದಾಗಿತ್ತಲ್ಲ."

ಪಾಲಾಕ್ಷ ಮತ್ತೆ ಆ ಸಾಲು ನೋಡಿದ. ಬಾಯಿ ಸುಳ್ಳು ಹೇಳುವಾಗಲೂ ಕೈ ಕಲಿತದ್ದನ್ನೇ ಬರೆಯುತ್ತದೆಯೇನೋ. ಈ ಪುಸ್ತಕವನ್ನು ಯಾರು ಓದುತ್ತಾರೆ ಎಂಬ ಧೈರ್ಯವೋ. ಅಥವಾ ಎಲ್ಲಾದರೂ ಒಂದು ಕಡೆ ನಿಜ ಇರಲಿ ಎಂಬ ಆಸೆಯೋ.

"ಯಾರು ಅವ್ರು? ಗಂಡಸಾ, ಹೆಂಗಸಾ? ಅಷ್ಟಾದ್ರೂ ಹೇಳಿ."

"ಅವ್ರ್ ಹೆಸ್ರು ಏಳಾಕಿಲ್ಲ ಅಂತ ಭಾಷೆ ಕೊಟ್ಟಿವ್ನಿ."

"ಸೋಮವಾರ ನಿಮ್ಮನ್ನ ಕರ್ಕೊಂಡು ಹೋಗ್ತಾರೆ."

"ಓಗ್ಲಿ. ಇನ್ನೊಂದ್ ಕಣ್ಣು ಬ್ಯಾಡ ಅಂತೀನಿ. ಮೊದಲ್ನೇದಕ್ಕೆ ಕೊಟ್ಟ ಭಾಷೆ ಎಂಗ್ ವಾಪಸ್ ಕೊಡ್ಲಿ?" ಅವನು ಎದ್ದು, ಗೋಡೆ ಮುಟ್ಟಿಕೊಂಡು ಬಂದು, ಪುಸ್ತಕವನ್ನು ಪಾಲಾಕ್ಷನ ಎದೆಗೆ ಒತ್ತಿದ. "ಇದ್ನ ನೀವೇ ತಗಂಡೋಗಿ. ದೀಪಾವಳಿಯಿಂದ ಕಣ್ ಅವುಳ್ದು, ಕೈ ನಂದು. ಅದೊಂದ್ ದಿನ ಕಣ್ಣೂ ನಂದಲ್ಲ, ಕೈಯೂ ನಂದಲ್ಲ. ಇಂಗಂತ ಠಾಣೆನಾಗೆ ಎಂಗ್ ಬಾಯ್ ಬುಡ್ಲಿ?"

ಬಾಗಿಲ ಹಿಂದೆ ಚಿಕ್ಕತಾಯಮ್ಮ ಅಳುವ ಸದ್ದು ಕೇಳಿಸಿತು. ಅವಳು ಒಳಗೆ ಹೋಗಿರಲೇ ಇಲ್ಲ.

* * *

ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಪಾಲಾಕ್ಷ ಅಂಗಳ ದಾಟಿದ. ಬೇಲಿಯ ಹತ್ತಿರ ಹಿಂದಿರುಗಿ ನೋಡಿದಾಗ ಬಾಗಿಲ ಬಣ್ಣ ಕಣ್ಣಿಗೆ ಹೊಡೆಯಿತು. ಹಸಿರು. ಮಳೆಯಲ್ಲಿ ಇನ್ನೂ ಹಸಿಯಾಗಿಯೇ ಇರುವ ಹಾಗೆ ಹೊಳೆಯುತ್ತಿತ್ತು.

ಶುಕ್ರವಾರ ಹೊಡೆಸಿದ ಬಣ್ಣ. ಭಾನುವಾರ ಅಪಘಾತ.

ಶಶಿಕುಮಾರ್ ಇಲ್ಲಿಗೆ ಬಂದದ್ದು ಯುಗಾದಿಗೆ. ಆಮೇಲೆ ಮೇಲಿನಿಂದ ಹೋದವನಿಗೆ ಕಂಡಿರಬಹುದಾದದ್ದು ಹೆಂಚು, ಬಸರಿಮರದ ನೆತ್ತಿ, ದನದ ಕೊಟ್ಟಿಗೆ. ಬಾಗಿಲು ಆಕಾಶಕ್ಕೆ ಕಾಣುವುದಿಲ್ಲ.

ಹಾಲಿನ ಡೈರಿಯ ಸೂರಿನ ಕೆಳಗೆ ಸ್ಕೂಟರ್ ನಿಲ್ಲಿಸಿ ಜೇಬಿನ ಚೀಟಿ ಬಿಡಿಸಿದ. ಡೈರಿ ದಾಟಿ ಬಸರಿಮರದ ಎಡಕ್ಕೆ. ಹಸಿರು ಬಾಗಿಲು. 573102.

ಏಳರ ಸೊಂಟಕ್ಕೆ ಅಡ್ಡ ಗೀಟು.

ಏಳಕ್ಕೆ ಗೀಟು ಹಾಕುವವರು ಜಿಲ್ಲೆಯಲ್ಲಿ ಸಾವಿರ ಜನ ಇದ್ದಾರು. ಹೊಳೆನರಸೀಪುರದ ತಾಯಿಯ ಮನೆಯಿಂದ ಬೆಳಗ್ಗೆ ಐದಕ್ಕೆ ಹೊರಟರೆ ಆರಕ್ಕೆ ಇಲ್ಲಿಗೆ ಬರಬಹುದು. ಅದೂ ಸಾವಿರ ಜನ ಬರಬಹುದು. ಆದರೆ ತಾನೇ ಮಾಡಿದ್ದಾದರೆ ತಾನೇ ಪತ್ತೇದಾರನನ್ನು ಏಕೆ ಕರೆಸಬೇಕು? ಮುದುಕ ಮಾತು ಉಳಿಸಿಕೊಂಡನೋ ಇಲ್ಲವೋ ಎಂದು ತಿಳಿಯುವುದಕ್ಕೆ ಇನ್ನೊಬ್ಬರ ಕಿವಿ ಬೇಕಿತ್ತೇ?

ಫೋನ್ ಅದುರಿತು. ದೀಪಶ್ರೀ.

ನಾಲ್ಕನೇ ಸಲ ಅದುರುವವರೆಗೆ ಅವನು ತೆಗೆಯಲಿಲ್ಲ.

"ಸರ್, ಮನೆ ಸಿಕ್ತಾ?"

"ಸಿಕ್ತಮ್ಮ. ನೀವು ಬರೆದುಕೊಟ್ಟ ಹಾಗೇ ಇತ್ತು."

"ಮಳೆ ಜೋರಿದೆಯಾ ಆ ಕಡೆ? ಸದ್ದು ಕೇಳಿಸ್ತಿದೆ."

"ಇದೆ."

ಆ ಕಡೆ ಉಸಿರು. ಗಡಿಯಾರದ್ದೋ ಎಂಬಂಥ ಟಿಕ್ ಟಿಕ್. ಗಂಡನಿಲ್ಲದ ದೊಡ್ಡ ಮನೆಯ ನಡುಕೋಣೆ ಅವನ ಕಣ್ಣ ಮುಂದೆ ಬಂತು. ಆ ಮನೆಯಲ್ಲಿ ಎರಡು ವರ್ಷ ಯಾರು ಯಾರ ಜೊತೆ ಮಾತು ಬಿಟ್ಟಿದ್ದರೋ.

"ಅಜ್ಜ ಏನಾದ್ರೂ ಹೇಳಿದ್ರಾ ಸರ್?"

"ಇಲ್ಲಮ್ಮ. ಯಾರ ಹೆಸರೂ ಹೇಳಲಿಲ್ಲ."

"ನಾನು ಹೆಸರು ಕೇಳ್ಲಿಲ್ವಲ್ಲ ಸರ್," ಎಂದಳು ದೀಪಶ್ರೀ ಮೆಲ್ಲಗೆ. "ನೀವೀಗ ಎಲ್ಲಿದೀರಿ? ಅಲ್ಲೇ ಇರಿ. ನಾನು ಅರಕಲ್ಗೂಡಲ್ಲೇ ಇದೀನಿ. ಹತ್ತು ನಿಮಿಷಕ್ಕೆ ಬಂದೆ."

ಬರಬೇಡಿ ಎಂದು ಪಾಲಾಕ್ಷ ಹೇಳಲಿಲ್ಲ. ಪುಸ್ತಕ ತನ್ನ ಬಳಿ ಇದೆ ಎಂದೂ ಹೇಳಲಿಲ್ಲ.